ಶ್ರೀಶೈಲದ ಚೀಲದಲ್ಲಿ ಮಗನ ಅಂಗಿ

ಪಾದಯಾತ್ರೆಗೆ ಹೊರಡುವವರು ಮಾಡುವ ಮೊದಲನೆಯ ತಪ್ಪು ಹೊಸ ಬಟ್ಟೆ ಹೊಲಿಸುವುದು. ದೇವರ ಹತ್ತಿರ ಹೋಗುವಾಗ ಹಳೆಯದನ್ನು ಉಟ್ಟು ಹೋಗುವುದು ಹೇಗೆ ಎನ್ನುತ್ತಾರೆ. ಹೊಸ ಬಟ್ಟೆಯಲ್ಲಿ ಗಂಜಿ ಇರುತ್ತದೆ, ಹೊಲಿಗೆಯ ಅಂಚು ಬಿರುಸಾಗಿರುತ್ತದೆ. ಅದಕ್ಕೆ ಬಿಸಿಲು, ಬೆವರು, ಧೂಳು ಸೇರಿದರೆ ಲಿಂಗಸುಗೂರು ಮುಟ್ಟುವಷ್ಟರಲ್ಲಿ ಬಗಲು, ತೊಡೆ, ಸೊಂಟ ಎಲ್ಲ ಉಜ್ಜಿ ಕೆಂಪಾಗಿರುತ್ತವೆ. ಆಮೇಲೆ ಶ್ರೀಶೈಲದ ಮಲ್ಲಯ್ಯನ ನೆನಪು ಬಿಟ್ಟು ಹೊಲಿದವಳನ್ನು ಬೈಯುತ್ತಾರೆ. ಹೊಲಿದವಳು ನಾನು.

ನಾಲತವಾಡದ ಬಜಾರದಲ್ಲಿ ಹೆಂಗಸರ, ಮಕ್ಕಳ ಬಟ್ಟೆ ಹೊಲಿಯುವ ಅಂಗಡಿ ನನ್ನದು. ಶಿವರಾತ್ರಿ ಮುಗಿಯಿತೆಂದರೆ ಇಂಡಿ, ಸಿಂದಗಿ ಕಡೆಯ ಗುಂಪುಗಳು ಶ್ರೀಶೈಲಕ್ಕೆ ನಡೆಯತೊಡಗುತ್ತವೆ. ನಮ್ಮೂರಿನದೂ ಒಂದು ಗುಂಪು ಯುಗಾದಿಗೆ ಅಲ್ಲಿ ಮುಟ್ಟುವಂತೆ ಹೊರಡುತ್ತದೆ. ನಾನು ಹೇಳುತ್ತಿರುವ ವರ್ಷ ರಂಜಾನ್ ತಿಂಗಳೂ ಅದರ ಮೇಲೆಯೇ ಬಂದಿತ್ತು. ಒಂದು ಕಡೆ ಈದಿನ ಚೂಡಿದಾರ, ಮಕ್ಕಳ ಫ್ರಾಕು. ಇನ್ನೊಂದು ಕಡೆ ಪಾದಯಾತ್ರೆಯ ಚೀಲ, ಜಂಪರು, ಒಳಚಡ್ಡಿ. ಗುಟುಕು ನೀರಿಲ್ಲದೆ ಮಷಿನ್ ತುಳಿಯಬೇಕು. ಮೊದಲೇ ನನ್ನ ಬಾಯಿ ಕತ್ತರಿಗಿಂತ ಹರಿತ ಎಂದು ಊರಲ್ಲಿ ಮಾತಿದೆ. ರೋಜಾದ ಉಪವಾಸ ಇದ್ದಾಗಂತೂ ಕೇಳಲೇಬೇಡಿ.

ನಮ್ಮೂರ ಗುಂಪಿನ ಹಿರಿಯರು ನಿವೃತ್ತ ಬಸ್ ಕಂಡಕ್ಟರು. ಕೆಲಸ ಬಿಟ್ಟರೂ ಲಗೇಜಿನ ಮೇಲಿನ ಕಣ್ಣು ಬಿಟ್ಟಿಲ್ಲ. ಆತ್ಮಕೂರಿನವರೆಗೆ ಗುಂಪಿನ ಗಾಡಿ ಜೊತೆಗಿರುತ್ತದೆ, ಹಾಸಿಗೆ ಚಾದರ ಎಲ್ಲ ಅದರಲ್ಲಿ. ಅಲ್ಲಿಂದ ಮುಂದೆ ಕಾಡು. ಗಾಡಿ ಸುತ್ತು ಹಾಕಿ ಬೇರೆ ದಾರಿಯಿಂದ ಹೋಗುತ್ತದೆ, ಜನ ತಮ್ಮ ಚೀಲ ತಾವೇ ಹೊತ್ತು ಗುಡ್ಡ ಹತ್ತಿ ಇಳಿಯಬೇಕು. ಮೊದಲ ದಿನ ಹಗುರ ಅನ್ನಿಸಿದ ಚೀಲ ಭೀಮನಕೊಳ್ಳದ ಏರಿನಲ್ಲಿ ಹೆಗಲು ಮುರಿಯುತ್ತದೆ. ಆದ್ದರಿಂದ ಹೊರಡುವ ಮೊದಲು ಎಲ್ಲರ ಚೀಲ ಬಿಚ್ಚಿ ನೋಡುವ ಪದ್ಧತಿಯನ್ನು ಹಿರಿಯರು ಮಾಡಿದ್ದರು.

"ಅಕ್ಕಾರ, ಹೆಂಗಸೂರ ಚೀಲಾ ನೀವಽ ನೋಡಬೇಕ್ರಿ. ನಾವು ಗಂಡಸೂರು ಅದರಾಗ ಕೈ ಹಾಕಾಕ ಬರೂದಿಲ್ಲ," ಎಂದು ಅವರು ಈ ಕೆಲಸ ನನಗೆ ಹಚ್ಚಿದ್ದರು. ನಾನು ಒಮ್ಮೆಯೂ ಆ ದಾರಿ ನಡೆದವಳಲ್ಲ. ಆದರೆ ನಡೆದು ಬಂದವರ ಹರಿದ ಬಟ್ಟೆಗಳು ನನ್ನ ಹತ್ತಿರವೇ ಬರುತ್ತವೆ. ಯಾವುದು ಎಲ್ಲಿ ಸವೆಯುತ್ತದೆ, ಯಾವ ಹೊಲಿಗೆ ಬಿಡುತ್ತದೆ ಎಂದು ನೋಡಿ ನೋಡಿ ಕೆಲವು ನಿಯಮ ಮಾಡಿಕೊಂಡಿದ್ದೆ. ಮೈಗೆ ತಾಗುವುದು ಹತ್ತಿಯದೇ ಇರಬೇಕು, ಅದೂ ಹಳೆಯದು. ಮೇಲಿನ ಸೀರೆ ಮಾತ್ರ ಸಿಂಥೆಟಿಕ್ ಇದ್ದರೆ ನಡೆಯುತ್ತದೆ. ಹಗುರ, ರಾತ್ರಿ ಹಿಂಡಿ ಹಾಕಿದರೆ ಬೆಳಿಗ್ಗೆ ಒಣಗಿರುತ್ತದೆ. ಲಂಗದ ಕೆಳಗೆ ಮೊಣಕಾಲಿನವರೆಗೆ ಒಂದು ಚಡ್ಡಿ ಬೇಕೇ ಬೇಕು. ಹಳೆಯ ಧೋತರದ ಬಟ್ಟೆಯಲ್ಲಿ ಅದನ್ನು ಹೊಲಿಯುತ್ತೇನೆ. ತೊಡೆಯ ಒಳಗಡೆ ಹೊಲಿಗೆ ಬರದಂತೆ ನಡುವೆ ಒಂದು ಚೌಕ ತುಂಡು ಕೂಡಿಸುತ್ತೇನೆ. ಇದನ್ನು ಹಾಕಿಕೊಳ್ಳಲು ಮೊದಮೊದಲು ಹೆಂಗಸರು ನಾಚಿ ನಕ್ಕಿದ್ದರು. ಒಂದು ವರ್ಷ ನಡೆದು ಬಂದ ಮೇಲೆ ಯಾರೂ ನಗಲಿಲ್ಲ.

ಆ ಸಲ ಚೀಲ ನೋಡುವ ದಿನ ನನ್ನ ಅಂಗಡಿಯ ಒಳಗೆ ಹೆಂಗಸರು ತುಂಬಿಬಿಟ್ಟಿದ್ದರು. ಒಬ್ಬಳ ಚೀಲದಲ್ಲಿ ಜರತಾರಿ ಸೀರೆ ಸಿಕ್ಕಿತು.

"ಇದನ್ನ ಯಾರಿಗೆ ತೋರ್ಸಾಕವಾ? ಕಾಡನ್ಯಾಗ ಮಂಗ್ಯಾಗೋಳು ನೋಡಲಿ ಅಂತೇನ?"

"ದೇವರ ಮುಂದ ನಿಂತಾಗ ಉಡಬೇಕಂತ ತಗೊಂಡಿದ್ನಿ ಅಕ್ಕಾರ."

"ದೇವರ ಮುಂದ ನಿಂದ್ರಾಕ ಕಾಲ ಉಳೀಬೇಕಲ್ಲ. ತಗೀ."

ಎಲ್ಲರೂ ನಕ್ಕರು. ಹೀಗೆ ಬೈಯುತ್ತ, ನಗುತ್ತ ಒಂದೊಂದೇ ಚೀಲ ಮುಗಿಸಿ ಕೊನೆಗೆ ಮೂಲೆಯಲ್ಲಿ ಕುಳಿತವಳ ಚೀಲ ಎಳೆದುಕೊಂಡೆ. ನಗು ತಾನಾಗಿಯೇ ನಿಂತಿತು. ಅವಳ ಚೀಲದಲ್ಲಿ ಏನಿದೆ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಅವಳು ನಮ್ಮೂರಿನವಳೇ. ಗಂಡ ಗೌಂಡಿ ಕೆಲಸ ಮಾಡುತ್ತಾನೆ. ಕೆಲವು ವರ್ಷಗಳ ಹಿಂದೆ, ಅವರ ಒಬ್ಬನೇ ಮಗ ಏಳನೇ ಇಯತ್ತೆಯಲ್ಲಿದ್ದಾಗ, ಅವನನ್ನೂ ಕರೆದುಕೊಂಡು ಗಂಡ ಹೆಂಡತಿ ಇಬ್ಬರೂ ಶ್ರೀಶೈಲಕ್ಕೆ ನಡೆದಿದ್ದರು. ಕಾಡಿನ ದಾರಿಯಲ್ಲಿ ಒಂದು ಕಡೆ ಗುಂಪು ನೆರಳಿಗೆ ಕುಳಿತಾಗ, ನೀರು ತುಂಬಿಕೊಂಡು ಬರುತ್ತೇನೆ ಎಂದು ಹುಡುಗ ಬಾಟಲಿ ತೆಗೆದುಕೊಂಡು ಹೋದ. ಬರಲಿಲ್ಲ. ಮುಂದಿನ ಗುಂಪಿನ ಜೊತೆ ಹೋಗಿರಬೇಕು ಎಂದು ಇವರು ಮುಂದೆ ಓಡಿದರು. ಹಿಂದೆ ಉಳಿದಿರಬೇಕು ಎಂದು ತಿರುಗಿ ಬಂದರು. ಪೊಲೀಸರು ಹುಡುಕಿದರು, ಅರಣ್ಯ ಇಲಾಖೆಯವರು ಹುಡುಕಿದರು. ತಂದೆ ಆ ಕಾಡಿನಲ್ಲೇ ಉಳಿದು ಕೆರೆ, ಕೊಳ್ಳ, ಹುತ್ತ ಎನ್ನದೆ ತಿರುಗಿ, ಗಡ್ಡ ಬಿಟ್ಟುಕೊಂಡು ಊರಿಗೆ ಬಂದ. ಬಂದ ಮೇಲೆ ಮಗನ ಹೆಸರನ್ನು ಮತ್ತೆ ಎತ್ತಲಿಲ್ಲ. ಆ ದಾರಿಗೂ ಹೋಗಲಿಲ್ಲ.

ಅವಳು ಪ್ರತಿ ವರ್ಷ ಹೋಗುತ್ತಾಳೆ. ಹೋಗುವ ಮೊದಲು ಮಗನಿಗೆ ಒಂದು ಜೊತೆ ಬಟ್ಟೆ ಹೊಲಿಸುತ್ತಾಳೆ. ಸಿಕ್ಕ ಕೂಡಲೇ ಅವನಿಗೆ ಹಾಕಲು ಬೇಕಲ್ಲ. ಸಿಗದಿದ್ದರೆ ಆ ಬಟ್ಟೆಯನ್ನು ಶ್ರೀಶೈಲದಲ್ಲಿ ಯಾರಾದರೂ ಬಡ ಹುಡುಗನಿಗೆ ಕೊಟ್ಟು ಬರುತ್ತಾಳೆ, ಮನೆಗೆ ತಿರುಗಿ ತರುವುದಿಲ್ಲ. ಕೊರೋನಾ ಬಂದಾಗ ಒಂದು ವರ್ಷ ಯಾರೂ ನಡೆಯಲಿಲ್ಲ. ಆ ವರ್ಷವೂ ಹೊಲಿಸಿದಳು. ಹೊಲಿಯುವವಳು ನಾನೇ. ನಿಡಗುಂದಿಯಲ್ಲಿ ಅವಳ ನಾದಿನಿಗೆ ಅದೇ ವಯಸ್ಸಿನ ಮಗನಿದ್ದಾನೆ. ಅವನ ಅಳತೆ ತೆಗೆದುಕೊಂಡು ಬರುತ್ತಿದ್ದಳು. ಹೋದ ವರ್ಷಕ್ಕಿಂತ ಎರಡು ಬೆರಳು ಉದ್ದ, ಎರಡು ಬೆರಳು ಅಗಲ. ತೋಳಿನ ತುದಿಯಲ್ಲಿ ನಾನು ಒಂದಷ್ಟು ಬಟ್ಟೆ ಒಳಗೆ ಮಡಿಚಿ ಬಿಡುತ್ತಿದ್ದೆ. ಬೆಳೆಯುವ ಹುಡುಗರಿಗೆ ಹಾಗೆ ಬಿಡುವುದು ರೂಢಿ, ಬಿಚ್ಚಿದರೆ ಇನ್ನೊಂದು ವರ್ಷ ಬರುತ್ತದೆ.

ಚೀಲ ಬಿಚ್ಚಿದೆ. ಇನ್ನೂ ಹೊಲಿಸದ ಅಂಗಿ ಪ್ಯಾಂಟಿನ ಬಟ್ಟೆ, ಮಗನಿಗೆಂದು ಬನಿಯನ್ನು, ಟಾವೆಲ್, ಸ್ವೆಟರು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಚಪ್ಪಲಿ. ಅವಳದೆಂಬುದು ಒಂದೂ ಇರಲಿಲ್ಲ.

"ನಿಂದೆಲ್ಲೈತಿ?"

"ನನಗ ಮೈಮ್ಯಾಲಿಂದು ಸಾಕಕ್ಕಾ."

"ಸಾಕಾಗಿದ್ರ ಹೋದ ವರ್ಷ ಜ್ವರಾ ಬಂದು ಯಾಕ ಬಿದ್ದಿ?"

ಹೋದ ವರ್ಷ ಅವಳು ಉಟ್ಟ ಸೀರೆಯಲ್ಲೇ ಹೋಗಿ, ಅದನ್ನೇ ತೊಳೆದು, ಹಸಿಯದನ್ನೇ ಸುತ್ತಿಕೊಂಡು ನಡೆದಿದ್ದಳು. ಬಿಸಿಲಿಗೆ ಕೈ ಕತ್ತು ಸುಟ್ಟು ಬೊಬ್ಬೆ ಬಂದಿದ್ದವು, ಸೊಂಟದ ಸುತ್ತ ಹುಣ್ಣು. ಕಾಡಿನೊಳಗೆ ಜ್ವರ ಏರಿ ಬಿದ್ದಾಗ ನಾಲ್ಕು ಜನ ಚಾದರದಲ್ಲಿ ಹೊತ್ತು ತಂದಿದ್ದರು.

ಹೊರಗೆ ಕಟ್ಟೆಯ ಮೇಲೆ ಕುಳಿತಿದ್ದ ಹಿರಿಯರಿಗೆ ನಾನು ಇದ್ದದ್ದನ್ನು ಹೇಳಿದೆ.

"ಆಕಿ ದುಃಖ ನನಗ ತಿಳಿಯೂದಿಲ್ಲಂತಲ್ಲರಿ ಅಕ್ಕಾರ. ಹುಡುಗ ತಪ್ಪಿಸ್ಕೊಂಡ ವರ್ಷ ಗುಂಪಿನ ಹಿಂದ ನಾನಽ ಇದ್ನಿ. ಆದ್ರ ಮತ್ತ ಕಾಡನ್ಯಾಗ ಬಿದ್ಲಂದ್ರ ಏನ್ ಮಾಡ್ಲಿ? ಚೀಲಾ ಸರಿ ಮಾಡ್ಕೊಂಡ್ರ ಬರ್ಲಿ. ಇಲ್ಲಾಂದ್ರ ಈ ವರ್ಷ ಮನ್ಯಾಗ ಇರ್ಲಿ."

ಒಳಗಿನಿಂದ ಅವಳು ಕೇಳಿಸಿಕೊಂಡಿದ್ದಳು. ಅಳಲಿಲ್ಲ, ಕೂಗಲಿಲ್ಲ. ನನ್ನ ಕಡೆ ನೋಡಿ ಇಷ್ಟೇ ಅಂದಳು:

"ನಾ ಹೋಗದ ವರ್ಷಽ ಅಂವ ಬಂದು ಆ ದಾರ್ಯಾಗ ನಿಂತಿದ್ರ, ಅಕ್ಕಾ?"

ಚೀಲ ನಾನು ಸರಿ ಮಾಡುತ್ತೇನೆ, ನೀನು ಮೊದಲು ಅಳತೆ ತೆಗೆದುಕೊಂಡು ಬಾ ಎಂದು ಕಳಿಸಿದೆ.

ಎರಡು ದಿನ ಅವಳ ಸುದ್ದಿಯಿಲ್ಲ. ನಾನು ಮಧ್ಯೆ ಅಂಗಿಯ ಬಟ್ಟೆಯನ್ನು ಉಪ್ಪು ನೀರಿನಲ್ಲಿ ನೆನೆಸಿ, ತೊಳೆದು, ನೆರಳಿಗೆ ಹಾಕಿದೆ. ಬಸವನ ಬಾಗೇವಾಡಿಯಿಂದ ತಂದ ಒಳ್ಳೆಯ ಹತ್ತಿ ಬಟ್ಟೆ, ಆದರೆ ಗಂಜಿ ಬಹಳ. ನೀರು ಹಾಲಿನ ಹಾಗೆ ಬೆಳ್ಳಗಾಯಿತು. ಮತ್ತೆ ಮತ್ತೆ ತೊಳೆದೆ. ಬಟ್ಟೆ ಕುಗ್ಗಿದಷ್ಟೂ ಕುಗ್ಗಲಿ, ಕತ್ತರಿಸಿದ ಮೇಲೆ ಕುಗ್ಗಿದರೆ ಅಳತೆಯೇ ಹೋಗುತ್ತದೆ. ಅವಳಿಗಾಗಿ ಎರಡು ಚಡ್ಡಿಗಳನ್ನು ಈದಿನ ಬಟ್ಟೆಗಳ ನಡುವೆಯೇ ಹೊಲಿದು ಮುಗಿಸಿದೆ.

ಮೂರನೆಯ ದಿನ ಮಧ್ಯಾಹ್ನ ಅವಳು ನಿಡಗುಂದಿಯ ಬಸ್ಸಿನಿಂದ ಇಳಿದು ನೇರ ಅಂಗಡಿಗೆ ಬಂದಳು. ಬರಿಗೈ.

"ಕೊಡ್ಲಿಲ್ಲಕ್ಕಾ."

"ಯಾಕ? ಹುಡುಗ ಊರಾಗಿಲ್ಲೇನು?"

"ಅದಾನ. ನಾದಿನಿ ಬ್ಯಾಡಂದ್ಲು. ಇಷ್ಟ ವರ್ಷ ಸುಮ್ಮನಿದ್ನಿ ವೈನಿ, ಇನ್ನ ಮುಂದ ಬ್ಯಾಡ. ಇರೂ ಮಗನ ಮೈಮ್ಯಾಲ ಇಲ್ಲದಾಂವನ ಅಂಗಿ ಅಳೀಬ್ಯಾಡ ಅಂದ್ಲು."

ನನ್ನ ಮೈ ಉರಿಯಿತು. ಎಂಥ ಬಾಯಿ ಅವಳದು, ಒಡಹುಟ್ಟಿದ ಅಣ್ಣನ ಮಗನಲ್ಲವೇ ಎಂದು ಬೈಯಲು ಬಾಯಿ ತೆರೆದೆ. ಆಗ ನನ್ನ ಮಗ ನೆನಪಾದ. ಅವನನ್ನು ನಿಲ್ಲಿಸಿ ಅಳತೆ ತೆಗೆದುಕೋ ಎಂದು ನಾನಾದರೂ ಕೊಡುತ್ತಿದ್ದೆನೇ? ಅಲ್ಲಾಹ್ ಬಲ್ಲ, ಕೊಡುತ್ತಿರಲಿಲ್ಲ. ನಾದಿನಿಯೂ ತಾಯಿಯೇ. ಬೈಗುಳ ನುಂಗಿದೆ.

ನುಂಗಿದ ಬೈಗುಳ ಬೇರೆ ಕಡೆಯಿಂದ ಹೊರಬಂತು. ಈ ವರ್ಷ ಮಗನ ಬಟ್ಟೆ ಬೇಡವೇ ಬೇಡ, ನಿನ್ನ ಎರಡು ಸೀರೆ ಇಟ್ಟುಕೊಂಡು ನಡೆ, ಹಿರಿಯರು ಒಪ್ಪುತ್ತಾರೆ ಎಂದು ಅವಳಿಗೇ ಜೋರು ಮಾಡಿದೆ. ಅವನು ಸಿಕ್ಕರೆ ಆತ್ಮಕೂರಿನ ಅಂಗಡಿಯಲ್ಲಿ ಬೇಕಾದಷ್ಟು ಅಂಗಿಗಳಿವೆ, ಕೊಂಡು ಹಾಕು ಎಂದೆ.

"ಅಂಗಡೀಗಿ ಹರಕ ಅಂಗ್ಯಾಗ ಕರಕೊಂಡ ಹೋಗ್ಲೇನ ಅಕ್ಕಾ? ಮಂದಿ ಭಿಕ್ಷುಕ ಅಂದ್ರ? ಹುಡುಗ ಮೊದಲಽ ನಾಚಿಗಿ ಸ್ವಭಾವದಾಂವ."

ನನ್ನ ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟೆ. ಅವಳಿಗೆ ಕುಡಿಯಲು ನೀರು ಕೊಟ್ಟೆ. ನೀನು ಉಪವಾಸ ಇದ್ದೀಯ, ನಾನೊಬ್ಬಳೇ ಹೇಗೆ ಕುಡಿಯಲಿ ಎಂದು ಅವಳು ಲೋಟ ಹಾಗೇ ಇಟ್ಟು ಹೋದಳು.

ಮರುದಿನ ಸಂಜೆ ಅವಳ ಗಂಡ ಬಂದ. ಕೆಲಸದಿಂದ ನೇರ ಬಂದಿದ್ದ, ಕೈ ಮೇಲೆ ಸಿಮೆಂಟು ಒಣಗಿತ್ತು. ಅವನು ನನ್ನ ಅಂಗಡಿಯ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ಹಿಂದೆ ಸ್ವಲ್ಪ ದೂರದಲ್ಲಿ ಅವಳೂ ನಿಂತಿದ್ದಳು. ಅವನು ಕರೆದುಕೊಂಡು ಬಂದದ್ದೋ, ತಾನೇ ಹಿಂದೆ ಬಂದದ್ದೋ ನನಗೆ ತಿಳಿಯಲಿಲ್ಲ.

"ಅಕ್ಕಾರ, ನಂದು ತಗೋರಿ," ಎಂದ.

"ನಿಮ್ಮದೇನ್ರಿ?"

"ಅಳತಿ. ಅಂವ ನನ್ನಂಗಽ ಆಗ್ತಾನ ಅಂತ ನಮ್ಮವ್ವ ಅಂತಿದ್ಲು. ಸಣ್ಣಾಂವ ಇದ್ದಾಗಿಂದಾನೂ ಹೆಗಲು ನಂದಽ ಇತ್ತು ಅಂವಗ."

ಮಗನ ಮಾತು ಅವನ ಬಾಯಿಂದ ಬಂದದ್ದನ್ನು ಊರಲ್ಲಿ ಯಾರೂ ಕೇಳಿರಲಿಲ್ಲ. ಹಿಂದೆ ನಿಂತವಳು ಸೆರಗು ಬಾಯಿಗೆ ಒತ್ತಿಕೊಂಡಳು. ನಾನು ಎಂದಿನ ಮಾತನ್ನೇ ಹೇಳಿದೆ.

"ನಾ ಗಂಡಸೂರ ಅಳತಿ ತಗೊಳ್ಳೂದಿಲ್ಲರಿ. ಆ ಕಡೆ ಓಣ್ಯಾಗ ಗಂಡಸೂರ ಟೇಲರ್ ಅದಾರ, ಅವರ ಕಡೆ ಕೊಟ್ಟು ಬರ್ರಿ. ಹೊಲಿಗಿ ನಾ ಹಾಕ್ತೇನಿ."

"ಹೋಗೀನ್ರಿ. ಬಾಗಲದ ತನಕಾ ಹೋಗಿ ತಿರುಗಿ ಬಂದ್ನಿ. ಯಾರ ಅಂಗಿ ಅಂತ ಕೇಳಿದ್ರ ಏನಂತ ಹೇಳ್ಲಿ?"

ಪರಗಂಡಸಿನ ಮೈಮೇಲೆ ಟೇಪು ಇಡುವುದು ನನ್ನಿಂದ ಆಗುವುದಿಲ್ಲ, ಅದೂ ರಂಜಾನ್ ತಿಂಗಳಲ್ಲಿ. ಹಾಗೆಂದು ಅವನನ್ನು ಕಳಿಸುವುದೂ ಆಗುವುದಿಲ್ಲ. ಹಿಂದೆ ನಿಂತವಳನ್ನು ಕರೆದು ಟೇಪನ್ನು ಅವಳ ಕೈಗೆ ಕೊಟ್ಟೆ.

"ನೀ ಅಳಿ. ಎಲ್ಲಿ ಹಿಡೀಬೇಕು ನಾ ಹೇಳ್ತೇನಿ."

ನಾನು ಮಷಿನ್ ಹತ್ತಿರವೇ ನಿಂತೆ. ಅವನಿಗೆ ಬೆನ್ನು ನನ್ನ ಕಡೆ ಮಾಡಿ ನಿಲ್ಲಬೇಕು, ಹೇಳುವ ತನಕ ಅಲುಗಾಡಬಾರದು ಎಂದು ಹೇಳಿದೆ. ಮೊದಲು ಹೆಗಲು. ಈ ಕಡೆಯ ಎಲುಬಿನ ತುದಿಯಿಂದ ಆ ಕಡೆಯ ಎಲುಬಿನ ತುದಿಗೆ. ಟೇಪು ಜಾರಿತು. ಮತ್ತೆ ಹಿಡಿ ಎಂದೆ. ಹದಿನೆಂಟೂವರೆ ಇಂಚು. ಆಮೇಲೆ ಹೆಗಲಿನಿಂದ ಮಣಿಕಟ್ಟು, ಕೈ ಸ್ವಲ್ಪ ಮಡಿಸಿ. ನೆಟ್ಟಗೆ ಹಿಡಿದು ಅಳೆದರೆ ತೋಳು ಗಿಡ್ಡ ಬರುತ್ತದೆ. ಆಮೇಲೆ ಕತ್ತಿನ ಬುಡದಿಂದ ಕೆಳಗೆ, ಉದ್ದ. ಪ್ರತಿ ವರ್ಷ ಬೇರೆ ಹುಡುಗನ ಮೈ ಅಳೆದುಕೊಂಡು ಬರುತ್ತಿದ್ದವಳಿಗೆ ಗಂಡನ ಬೆನ್ನು ಇಷ್ಟು ಹತ್ತಿರದಿಂದ ನೋಡಿ ಎಷ್ಟು ದಿನವಾಗಿತ್ತೋ.

"ಈಗ ಎದಿ. ಅವರು ಕೈ ಎತ್ತಲಿ, ನೀ ಹಿಂದಿನಿಂದ ಸುತ್ತ ಹಾಕು."

ಅವನು ಎರಡೂ ಕೈ ಎತ್ತಿದ. ಅವಳು ಹಿಂದಿನಿಂದ ಟೇಪು ಸುತ್ತ ಹಾಕಲು ಹೋದಳು, ಕೈ ಮುಟ್ಟಲಿಲ್ಲ. ಅಗಲವಾದ ಎದೆ ಅವನದು. ಇನ್ನೊಂದು ಸಲ ಕೈ ಚಾಚಿದಳು, ಈ ಸಲ ಅವನ ಬೆನ್ನಿಗೆ ಅವಳ ಹಣೆ ತಾಗಿತು. ಎಷ್ಟು ಬಂತು ಎಂದು ಕೇಳಿದೆ. ಮತ್ತೆ ಕೇಳಿದೆ. ಅವಳು ಹಣೆಯನ್ನು ಅಲ್ಲಿಂದ ತೆಗೆಯಲೇ ಇಲ್ಲ, ಬೆನ್ನಿಗೆ ಮುಖ ಒತ್ತಿ ಬಿಕ್ಕಿ ಬಿಕ್ಕಿ ಅತ್ತಳು. ಅವನು ಎತ್ತಿದ ಕೈಗಳನ್ನು ಇಳಿಸಲಿಲ್ಲ. ಹೇಳುವ ತನಕ ಅಲುಗಾಡಬಾರದು ಎಂದು ನಾನೇ ಹೇಳಿದ್ದೆನಲ್ಲ, ಹಾಗೇ ನಿಂತಿದ್ದ. ಅವನ ಕಣ್ಣೀರು ಅವನ ಗಡ್ಡದ ಮೇಲೆ ಇಳಿಯುವುದು ಎದುರಿನ ಕನ್ನಡಿಯಲ್ಲಿ ಕಾಣುತ್ತಿತ್ತು.

ಆ ದಿನ ರೋಜಾ ಬಿಡುವ ಹೊತ್ತಿಗೆ ಮೂವರೂ ಅಂಗಡಿಯಲ್ಲೇ ಕುಳಿತು ಖರ್ಜೂರ ತಿಂದೆವು.

ಅಳತೆ ಸಿಕ್ಕಿತು, ಆದರೆ ತೂಕದ ಕಷ್ಟ ಇನ್ನೂ ದೊಡ್ಡದಾಯಿತು. ಹುಡುಗನ ಅಂಗಿ ಈಗ ಗಂಡಸಿನ ಅಂಗಿ. ಅಷ್ಟು ದೊಡ್ಡ ಅಂಗಿ, ಅದಕ್ಕೆ ತಕ್ಕ ಪ್ಯಾಂಟು, ಸ್ವೆಟರು, ಚಪ್ಪಲಿ, ಅದರ ಮೇಲೆ ಅವಳ ಸೀರೆ, ಚಡ್ಡಿ, ಜಂಪರು. ಇದನ್ನೆಲ್ಲ ಒಂದು ಚೀಲದಲ್ಲಿ ತುಂಬಿ ಹಿರಿಯರ ಮುಂದಿಟ್ಟರೆ ಅವರು ಎತ್ತಿ ನೋಡುವ ಮೊದಲೇ ತಲೆ ಅಲ್ಲಾಡಿಸುತ್ತಾರೆ. ಬಟ್ಟೆಯನ್ನು ಮೇಜಿನ ಮೇಲೆ ಹಾಸಿಕೊಂಡು ಬಹಳ ಹೊತ್ತು ಕುಳಿತೆ. ಕತ್ತರಿ ಹಾಕಲು ಮನಸ್ಸಾಗಲಿಲ್ಲ.

ಅಂಗಡಿಯ ಮುಂದೆ ಹೊಲದ ಕೆಲಸ ಮುಗಿಸಿದ ಹೆಂಗಸರು ಟಂಟಂ ಆಟೋದಿಂದ ಇಳಿಯುತ್ತಿದ್ದರು. ಎಲ್ಲರೂ ಸೀರೆಯ ಮೇಲೆ ಗಂಡಂದಿರ ಹಳೆಯ ತುಂಬುತೋಳಿನ ಅಂಗಿ ಹಾಕಿಕೊಂಡಿದ್ದರು. ನಮ್ಮ ಕಡೆ ಬಿಸಿಲಿನಲ್ಲಿ ದುಡಿಯುವ ಹೆಂಗಸರು ಹಾಕುವುದೇ ಹಾಗೆ, ದಿನಾ ನೋಡುವುದೇ. ಆದರೆ ಅಂದು ನೋಡಿದಾಗ ಹೊಳೆಯಿತು. ಮಗನ ಅಂಗಿ ಚೀಲದಲ್ಲಿ ಯಾಕೆ ಇರಬೇಕು? ಅವಳ ಮೈಮೇಲಿದ್ದರೆ ಚೀಲ ಹಗುರ, ಬಿಸಿಲಿಗೆ ಅವಳ ಕೈ ಕತ್ತು ಸುಡುವುದಿಲ್ಲ, ಕಾಡಿನ ರಾತ್ರಿಯ ತಂಪಿಗೆ ಒಂದು ಪದರ ಹೆಚ್ಚು. ಸ್ವೆಟರು ಬೇಕಿಲ್ಲ.

ಹೇಳಿದಾಗ ಅವಳು ಹಾವು ತುಳಿದವಳಂತೆ ಹಿಂದೆ ಸರಿದಳು.

"ಬ್ಯಾಡಕ್ಕಾ! ಹೊಲಕ್ಕ ಹಾಕ್ಕೊಳ್ಳೂದು ಹಳೀದು. ಇದು ಅಂವಂದು. ಅಂವ ಹಾಕ್ಕೊಳ್ಳೂಕಿಂತ ಮೊದಲ ನಾ ಬೆವರು ಹಚ್ಚಿ ಎಂಜಲು ಮಾಡ್ಲೇನು?"

"ಅಂವ ಹುಟ್ಟಿದಾಗ ಹೊಸಾ ಅಂಗಿ ಹಾಕಿದ್ದೇನ ನೀ?"

ಅವಳು ನನ್ನ ಮುಖ ನೋಡಿದಳು.

"ಏನ್ ಹಾಕಿದ್ದಿ ಹೇಳು."

"ನನ್ನ ಹಳೀ ಸೀರಿ ಹರದು ಸುತ್ತಿದ್ನಿ."

"ಯಾಕ?"

"ಹಸಗೂಸಿಗೆ ಹೊಸಾದು ಚುಚ್ಚತೈತಿ ಅಂತ."

"ಇಷ್ಟ ವರ್ಷ ಗಾಳಿ ಬಿಸಲಾಗ ಎಲ್ಲೆಲ್ಲಿ ಬಿದ್ದೆದ್ದ ಮೈಯೋ ಏನೋ. ಆ ಮೈಗೆ ಗಂಜಿ ಬಟ್ಟಿ ಚುಚ್ಚೂದಿಲ್ಲೇನು? ನಾ ಎಷ್ಟ ತೊಳದ್ರೂ ಇದು ಹೊಸಾದಽ. ನೀ ಹಾಕ್ಕೊಂಡು ನಡೆದು ಮೆತ್ತಗ ಮಾಡು. ನಿನ್ನ ಬೆವರು ಅಂವಗ ಮೈಲಿಗಿ ಆಗ್ತೈತೇನ?"

ಅವಳು ಬಟ್ಟೆಯ ಮೇಲೆ ಕೈ ಆಡಿಸಿದಳು. ಪ್ಯಾಂಟು ಏನು ಮಾಡಲಿ ಎಂದು ಕೇಳಿದಳು. ಅಲ್ಲಿಗೆ ಒಪ್ಪಿದಳೆಂದು ನನಗೆ ಗೊತ್ತಾಯಿತು.

"ಪ್ಯಾಂಟ್ ಬ್ಯಾಡ. ಚೀಲದಾಗ ನಿಂದು ಇನ್ನೊಂದು ಸೀರಿ ಇರ್ತೈತಲ್ಲ, ಅರ್ಧಾ ಹರದು ಲುಂಗಿ ಉಡಸು. ಸಿಕ್ಕ ದಿನ ಸೀರಿ ಹರೀಲಿಲ್ಲಂದ್ರ ಮತ್ತ ಯಾವಾಗ ಹರೀತಿ?"

ಆ ವರ್ಷ ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಅಂಗಿ ಹೊಲಿಯಲು ಮೂರು ರಾತ್ರಿ ಹಿಡಿಯಿತು. ಒಂದು ಮಧ್ಯಾಹ್ನದ ಕೆಲಸ ಅದು, ಆದರೆ ನಾನು ಅವಸರ ಮಾಡಲಿಲ್ಲ. ಈದಿನ ಬಟ್ಟೆಯವರು ಬಂದು ಜಗಳ ಮಾಡಿ ಹೋದರು, ಮಾಡಲಿ. ಎರಡು ಬಟ್ಟೆಯ ಅಂಚುಗಳನ್ನು ಒಂದರೊಳಗೊಂದು ಮಡಿಚಿ ಎರಡು ಸಲ ಹೊಲಿಗೆ ಹಾಕಿದೆ, ಒಳಗೆ ಎಲ್ಲಿಯೂ ದಾರದ ಎಳೆ ಮೈಗೆ ತಾಗಬಾರದು. ಬಗಲಲ್ಲಿ ಸಡಿಲ ಬಿಟ್ಟೆ, ಚೀಲದ ಪಟ್ಟಿ ಕೂರುವ ಹೆಗಲಿನ ಮೇಲೆ ಒಳಗಡೆ ಇನ್ನೊಂದು ಪದರ ಕೊಟ್ಟೆ. ಕಾಲರಿಗೆ ಬಿರುಸು ಬಟ್ಟೆ ಇಡಲಿಲ್ಲ. ಗುಂಡಿಗಳನ್ನು ಕೈಯಿಂದಲೇ ಹಚ್ಚಿದೆ. ತೋಳಿನ ತುದಿಗೆ ಬಂದಾಗ ಮಾತ್ರ ಅಭ್ಯಾಸದಂತೆ ಎರಡು ಬೆರಳು ಬಟ್ಟೆ ಒಳಗೆ ಮಡಿಚಿದೆ.

ಹೊರಡುವ ಹಿಂದಿನ ದಿನ ಹಿರಿಯರು ಅವಳ ಚೀಲ ಕೈಯಲ್ಲಿ ಹಿಡಿದು ಎತ್ತಿ, ಇಳಿಸಿ, ಮತ್ತೆ ಎತ್ತಿದರು. ಒಳಗೆ ಒಂದು ಸೀರೆ, ಜಂಪರು, ಚಡ್ಡಿ, ಟಾವೆಲ್, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಚಪ್ಪಲಿ. ಚಪ್ಪಲಿ ಬಿಡಲು ಅವಳು ಒಪ್ಪಲೇ ಇಲ್ಲ, ನಾನೂ ಒತ್ತಾಯ ಮಾಡಲಿಲ್ಲ.

"ಸರಿ ಐತ್ರಿ. ಬರ್ಲಿ," ಎಂದರು. ಆಮೇಲೆ ಅವಳ ಮೈಮೇಲಿನ ಅಂಗಿ ನೋಡಿದರು. ಅಂಗಿಯ ಹೆಗಲು ಅವಳ ಹೆಗಲಿಂದ ಕೆಳಗಿಳಿದು, ತೋಳು ಬೆರಳನ್ನೂ ಮುಚ್ಚಿತ್ತು. ಅವರಿಗೆ ಅರ್ಥವಾಯಿತು. ಕನ್ನಡಕ ತೆಗೆದು ಒರೆಸಿಕೊಳ್ಳುತ್ತ ಆ ಕಡೆ ಹೋಗಿಬಿಟ್ಟರು.

ಬೆಳಿಗ್ಗೆ ಗುಂಪು ನಾರಾಯಣಪುರದ ರಸ್ತೆ ಹಿಡಿಯಿತು. ಅವಳ ಗಂಡ ಊರ ಹೊರಗಿನವರೆಗೆ ಚೀಲ ಹೊತ್ತುಕೊಂಡು ಹೋಗಿ, ಅಲ್ಲಿ ಅವಳ ಹೆಗಲಿಗೆ ಹಾಕಿ ತಿರುಗಿ ಬಂದ. ನನ್ನ ಅಂಗಡಿಯ ಮುಂದೆ ಹಾದಾಗ ನಿಂತ. ನಾನು ಎದ್ದೆ. ಅವನು ಕೈ ಮುಗಿದು ಕೆಲಸಕ್ಕೆ ಹೋದ.

ಯುಗಾದಿ ಬಂತು, ಅದರ ಬೆನ್ನಿಗೇ ಈದ್ ಬಂತು. ಯುಗಾದಿಯ ಬೇವುಬೆಲ್ಲವೂ ಬಂತು, ನಮ್ಮ ಶೀರಖುರ್ಮಾವೂ ಓಣಿಗೆಲ್ಲ ಹೋಯಿತು. ನನಗೆ ಯಾವುದೂ ರುಚಿಸಲಿಲ್ಲ. ಗುಂಪು ಬಸ್ಸಿನಲ್ಲಿ ತಿರುಗಿ ಬಂದ ಸುದ್ದಿ ತಿಳಿದಾಗ, ಬಸ್ ಸ್ಟ್ಯಾಂಡಿಗೆ ಹೋಗಿ ನೋಡಲು ಧೈರ್ಯವಾಗಲಿಲ್ಲ. ಇಳಿದವರು ಎಷ್ಟು ಜನ ಎಂದು ಯಾರನ್ನೂ ಕೇಳಲಿಲ್ಲ. ಕೇಳುವುದೇನಿತ್ತು, ಅವನು ಸಿಕ್ಕಿದ್ದರೆ ಊರಿಗೆ ಊರೇ ಕೂಗುತ್ತಿತ್ತು.

ಎರಡು ದಿನ ಬಿಟ್ಟು ಅವಳೇ ಬಂದಳು. ಕಾಲು ಊದಿದ್ದವು, ಆದರೆ ಮೈಮೇಲೆ ಹುಣ್ಣಿರಲಿಲ್ಲ, ಜ್ವರ ಬಂದಿರಲಿಲ್ಲ. ಕೈಯಲ್ಲಿ ಅಂಗಿ ಇತ್ತು. ಪ್ರತಿ ವರ್ಷ ಅಲ್ಲೇ ಯಾರಿಗಾದರೂ ಕೊಟ್ಟು ಬರುತ್ತಿದ್ದವಳು ಈ ಸಲ ತಿರುಗಿ ತಂದಿದ್ದಳು. ತೊಳೆದು ಮಡಿಚಿದ್ದಳು. ಬಣ್ಣ ಹೋಗಿ ಬೆನ್ನಿನ ಮೇಲೆ ಬೆವರಿನ ಕಲೆಯ ಗೆರೆಗಳು ಉಳಿದಿದ್ದವು. ಮುಟ್ಟಿ ನೋಡಿದೆ. ಹಳೆಯ ಸೀರೆಯಷ್ಟು ಮೆತ್ತಗಾಗಿತ್ತು.

"ಒಂದು ಗುಂಡಿ ಹೋಗೈತಿ, ಹಚ್ಚಿ ಕೊಡಕ್ಕಾ," ಎಂದಳು.

ಹಚ್ಚಿದೆ. ದಾರ ಕಡಿಯುತ್ತ ಹೇಳಿದೆ:

"ಬರೂ ವರ್ಷಕ್ಕ ಬಟ್ಟಿ ಜಲ್ದಿ ತಂದು ಕೊಡು. ಈ ಸಲದಂಗ ಗಡಿಬಿಡಿ ಬ್ಯಾಡ."

"ಇನ್ನ ಮುಂದ ಬ್ಯಾಡಕ್ಕಾ. ಇದಽ ಸಾಕು, ಪ್ರತಿ ವರ್ಷ ಇದನ್ನಽ ಒಯ್ತೇನಿ." ಅಂಗಿಯನ್ನು ಎದೆಗೆ ಹಿಡಿದು ತೋಳುಗಳನ್ನು ಮಡಿಚಿದಳು. "ಅಪ್ಪನಷ್ಟು ಆದ. ಅಂವ ಇನ್ನ ಬೆಳೆಯೂದಿಲ್ಲ."

ಅವಳು ಹೋದ ಮೇಲೆ ಮಷಿನ್ ಮುಂದೆ ಕುಳಿತೆ, ತುಳಿಯಲು ಆಗಲಿಲ್ಲ. ಬಾಗಿಲು ಮುಚ್ಚಿಕೊಂಡು ಅತ್ತೆ. ಆ ಹುಡುಗ ಎಂದೋ ತೀರಿಹೋದನೆಂದು ಅವನ ಅಪ್ಪನ ಹಾಗೆ, ಊರಿನವರ ಹಾಗೆ ನಾನೂ ತಿಳಿದಿದ್ದೇನೆ ಅಂದುಕೊಂಡಿದ್ದೆ. ಆ ತಾಯಿಯ ಸಮಾಧಾನಕ್ಕೆ ಹೊಲಿಯುತ್ತೇನೆ ಅಂದುಕೊಂಡಿದ್ದೆ. ಹಾಗಲ್ಲ. ಪ್ರತಿ ವರ್ಷ ಎರಡು ಬೆರಳು ಹೆಚ್ಚಿಗೆ ಕತ್ತರಿಸುವಾಗ, ಆ ಹುಡುಗ ಎಲ್ಲೋ ಎರಡು ಬೆರಳು ಬೆಳೆದಿದ್ದಾನೆ ಎಂದು ನಾನೂ ನಂಬಿಕೊಂಡೇ ಕತ್ತರಿಸಿದ್ದೆ.